ಲೋಂಡಾ ಜಂಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರು ಬೆಳಗಾವಿ ಕಡೆ. ಸೋದರತ್ತೆಯನ್ನು ಕೊಟ್ಟದ್ದು ಕ್ಯಾಸಲ್‌ರಾಕ್‌ಗೆ. ಮಾವ ಅಲ್ಲಿಯ ಘಾಟ್‌ನಲ್ಲಿ ಗ್ಯಾಂಗ್‌ಮನ್, ಅಂದರೆ ಹಳಿ ಕಾಯುವ ಕೆಲಸದವರು ಆಗಿದ್ದರು. ಹೀಗಾಗಿ ಸೂಟಿ ಬಂತೆಂದರೆ ನಮಗೆ ಲೋಂಡಾದಲ್ಲಿ ಗಾಡಿ ಬದಲಿಸುವ ಯೋಗ ಇದ್ದೇ ಇರುತ್ತಿತ್ತು. ಈಗಲೂ ಆ ದಾರಿಯಲ್ಲಿ ಓಡಾಡುತ್ತೇನೆ. ಗಾಡಿಯಲ್ಲಿ ಪಕ್ಕಕ್ಕೆ ಕೂತವರು, ಗೋವಾಕ್ಕೆ ಹೊರಟ ಪರಿಚಯದವರು, ಕಾಗದ ಬರೆದವರು ಕೇಳಿದ ಪ್ರಶ್ನೆಗಳನ್ನೆಲ್ಲ ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲ ಪರಿಚಯ

ಲೋಂಡಾ ಎಲ್ಲಿ ಬರ್ತದೆ? ಗೋವಾದಲ್ಲಾ, ಮಹಾರಾಷ್ಟ್ರದಲ್ಲಾ?

ಎರಡೂ ಅಲ್ಲ. ಲೋಂಡಾ ಇರುವುದು ಕರ್ನಾಟಕದಲ್ಲೇ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ. ಉತ್ತರಕ್ಕೆ ಬೆಳಗಾವಿ ಸುಮಾರು 50 ಕಿಲೋಮೀಟರ್. ಪೂರ್ವಕ್ಕೆ ಅಳ್ನಾವರ, ಧಾರವಾಡ ದಾಟಿ ಹುಬ್ಬಳ್ಳಿ ಸುಮಾರು 90. ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಕ್ಯಾಸಲ್‌ರಾಕ್. ಅದನ್ನು ದಾಟಿದರೆ ಗೋವಾದ ಘಾಟ್ ಶುರು. ಊರಿನ ಸುತ್ತ ಸಹ್ಯಾದ್ರಿಯ ಕಾಡು. ಅಂಗಡಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುತ್ತವೆ. ಒಂದೇ ವಾಕ್ಯದಲ್ಲಿ ಮೂರೂ ಬಂದರೆ ಅಲ್ಲಿ ಯಾರಿಗೂ ಅಚ್ಚರಿ ಇಲ್ಲ. ಸ್ಟೇಷನ್ ಮಾತ್ರ ಪೂರ್ತಿ ಹುಬ್ಬಳ್ಳಿಯ ಕೈಯಲ್ಲಿದೆ, ಅಂದರೆ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ಟಿಕೆಟ್ ಮಾಡಿಸುವಾಗ ಸ್ಟೇಷನ್ ಕೋಡ್ ಕೇಳಿದರೆ ಎಲ್‌ಡಿ ಎನ್ನಿ.

ಇಷ್ಟು ಸಣ್ಣ ಊರಿಗೆ ಜಂಕ್ಷನ್ ಅಂತ ಯಾಕೆ ಹೆಸರು?

ಊರಿನ ಗಾತ್ರಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಒಂದು ಲೈನಿನಿಂದ ಇನ್ನೊಂದು ಲೈನು ಒಡೆದು, ಮೂರು ದಿಕ್ಕಿಗಾದರೂ ಗಾಡಿ ಹೋಗುವಂತಿದ್ದರೆ ಆ ಸ್ಟೇಷನ್ ಜಂಕ್ಷನ್ ಆಗುತ್ತದೆ. ಲೋಂಡಾದಲ್ಲಿ ಹುಬ್ಬಳ್ಳಿಯಿಂದ ಬೆಳಗಾವಿ, ಮಿರಜ್ ಕಡೆ ಹೋಗುವ ಲೈನು ಒಂದು. ಕ್ಯಾಸಲ್‌ರಾಕ್ ಮೇಲೆ ಹಾಯ್ದು ಗೋವಾದ ವಾಸ್ಕೋಕ್ಕೆ ಇಳಿಯುವ ಲೈನು ಇನ್ನೊಂದು. ಇವೆರಡೂ ಇಲ್ಲಿ ಕೂಡುತ್ತವೆ. ಎಷ್ಟೋ ಜಿಲ್ಲಾ ಕೇಂದ್ರಗಳಿಗೆ ಈ ಪದವಿ ಇಲ್ಲ, ಲೋಂಡಾಕ್ಕೆ ಇದೆ.

ಆದರೆ ನನ್ನ ಲೆಕ್ಕದಲ್ಲಿ ಎರಡು ಹಳಿ ಸೇರಿದ ಮಾತ್ರಕ್ಕೆ ಜಂಕ್ಷನ್ ಆಗುವುದಿಲ್ಲ. ಒಂದು ಗಾಡಿಯಿಂದ ಇಳಿದವನಿಗೆ ಇನ್ನೊಂದು ಗಾಡಿ ಸಿಗಬೇಕು. ಹಳಿ ಕೂಡಿ ಗಾಡಿ ಕೂಡದಿದ್ದರೆ ಅದು ಬರೀ ಬೋರ್ಡಿನ ಮೇಲಿನ ಜಂಕ್ಷನ್. ಮುಂದಿನ ಎಷ್ಟೋ ಉತ್ತರಗಳಲ್ಲಿ ಈ ಮಾತು ಬಂದೇ ಬರುತ್ತದೆ.

ಲೋಂಡಾದಲ್ಲಿ ನೋಡೋಕೆ ಏನಿದೆ?

ನೋಡಲೆಂದೇ ಹೋಗುವ ಜಾಗ ಊರೊಳಗೆ ಇಲ್ಲ. ಎರಡು ಗಾಡಿಗಳ ನಡುವೆ ಒಂದು ತಾಸು ಸಿಕ್ಕರೆ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ನಿಂತುಕೊಳ್ಳಿ. ಹಳಿಗಳು ಎರಡಾಗಿ ಒಡೆದು ಒಂದು ಬೆಳಗಾವಿಗೆ, ಒಂದು ಗೋವಾಕ್ಕೆ ಹೊರಳುವುದು ಕಾಣುತ್ತದೆ. ಮಳೆಗಾಲದ ಸಂಜೆಯಾದರೆ ಮಂಜು ಇಳಿದು ಸಿಗ್ನಲ್ಲಿನ ಕೆಂಪು ದೀಪವಷ್ಟೇ ಉಳಿಯುತ್ತದೆ. ನನಗಂತೂ ಅಷ್ಟೇ ಸಾಕು.

## ಗಾಡಿ ಬದಲಿಸುವವರಿಗೆ

ನಮ್ಮ ಗಾಡಿ ಲೋಂಡಾದಲ್ಲಿ ನಿಂತು ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. ದಾರಿ ತಪ್ಪಿತಾ?

ಇಲ್ಲ, ಗಾಬರಿ ಬೇಡ. ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ. ಗಾಡಿಯೊಳಗೇ ಎದ್ದು ನಿಂತು ಕೇಳಿದವರೂ ಇದ್ದಾರೆ.

ಸ್ಟೇಷನ್ನನ್ನು ನಿಮ್ಮ ಅಂಗೈ ಅಂದುಕೊಳ್ಳಿ. ಮಣಿಕಟ್ಟಿನ ಕಡೆಯಿಂದ ಹುಬ್ಬಳ್ಳಿ ಲೈನು ಬರುತ್ತದೆ. ಎದುರಿನ ಎರಡು ಬೆರಳುಗಳ ಮೇಲೆ ಮಿರಜ್ ಲೈನು, ಗೋವಾ ಲೈನು ಹೊರಡುತ್ತವೆ. ಹುಬ್ಬಳ್ಳಿಯಿಂದ ಬಂದ ಗಾಡಿ ಯಾವ ಬೆರಳಿಗೆ ಹೋದರೂ ನೇರ ಹೋಗುತ್ತದೆ. ಒಂದು ಬೆರಳಿನಿಂದ ಬಂದು ಇನ್ನೊಂದು ಬೆರಳಿಗೆ ಹೋಗಬೇಕಾದರೆ ಅಂಗೈಗೆ ಬಂದು ತಿರುಗಲೇಬೇಕು. ವಾಸ್ಕೋದಿಂದ ದಿಲ್ಲಿಯ ನಿಜಾಮುದ್ದೀನಿಗೆ ಹೋಗುವ ಗೋವಾ ಎಕ್ಸ್‌ಪ್ರೆಸ್‌ಗೆ ಆಗುವುದು ಇದೇ. ಗೋವಾ ಕಡೆಯಿಂದ ಲೋಂಡಾಕ್ಕೆ ಬರುತ್ತದೆ, ಇಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಹಚ್ಚುತ್ತಾರೆ, ಹಿಂದಿನ ಡಬ್ಬಿ ಮುಂದಾಗಿ ಬೆಳಗಾವಿಗೆ ಹೊರಡುತ್ತದೆ.

ಇದನ್ನು ಒಮ್ಮೆ ಇಳಿದು ನೋಡಿ, ಆದರೆ ಪ್ಲಾಟ್‌ಫಾರ್ಮ್ ಮೇಲೆಯೇ ನಿಂತು ನೋಡಿ. ಗಾಡಿ ಬಿಡಿಸಿ ಜೋಡಿಸುವ ಪಾಯಿಂಟ್ಸ್‌ಮನ್ ಇಂಜಿನ್ನಿಗೂ ಡಬ್ಬಿಗೂ ನಡುವಿನ ಸಂದಿಗೆ ಬಗ್ಗಿ ಇಳಿಯುತ್ತಾರೆ. ಮೊದಲು ಬ್ರೇಕಿನ ಗಾಳಿಯ ಪೈಪು ಬಿಡಿಸುತ್ತಾರೆ. ಬುಸ್ಸೆಂದು ಗಾಳಿ ಹೊರಬೀಳುತ್ತದೆ. ಆಮೇಲೆ ಕಪ್ಲಿಂಗ್ ಅನ್ನುವ ಕೊಂಡಿ ಸಡಿಲಿಸಿ ಹೊರಬಂದು ಕೈ ಎತ್ತುತ್ತಾರೆ. ಇಂಜಿನ್ ಒಂದೇ ಒಂದು ಮಾರು ಮುಂದೆ ಸರಿದು ನಿಂತು, ಆಮೇಲೆ ಬೇರೆ ಹಳಿ ಹಿಡಿದು ಹಿಂದೆ ಹೋಗುತ್ತದೆ. ಆ ತುದಿಯಲ್ಲಿ ಮತ್ತೆ ಮೆಲ್ಲಗೆ ಬಂದು ತಾಗಿದಾಗ ಇಡೀ ಗಾಡಿಗೆ ಒಂದು ಸಣ್ಣ ಧಕ್ಕೆ. ಒಳಗೆ ಮಲಗಿದವರು ಮಗ್ಗುಲು ಬದಲಿಸುತ್ತಾರೆ.

ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತೊಂದಿದೆ. ಲೋಂಡಾ ದಾಟಿದ ಮೇಲೆ ಡಬ್ಬಿಗಳ ಸಾಲು ತಿರುಗಿರುತ್ತದೆ. ಗೋವಾದಲ್ಲಿ ಹತ್ತುವಾಗ ಇಂಜಿನ್ ಹತ್ತಿರ ಇದ್ದ ಡಬ್ಬಿ ಬೆಳಗಾವಿಯಲ್ಲಿ ಕೊನೆಯಲ್ಲಿ ಬರುತ್ತದೆ. ನಿಮ್ಮನ್ನು ಕರೆದೊಯ್ಯಲು ಬರುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಮೊದಲ ಗಾಡಿ ತಡವಾದರೆ ಎರಡನೇ ಗಾಡಿ ನಮಗಾಗಿ ಕಾಯುತ್ತಾ?

ಕಾಯಲೇಬೇಕು ಅಂತ ನಿಯಮ ಇಲ್ಲ. ಗಾಡಿ ಬಿಡುವುದು, ತಡೆಯುವುದು ವಿಭಾಗದ ಕಂಟ್ರೋಲ್ ಕಚೇರಿಯ ಕೈಯಲ್ಲಿರುತ್ತದೆ. ಸ್ಟೇಷನ್ ಮಾಸ್ತರರಿಗೆ ಮನಸ್ಸಿದ್ದರೂ ಅವರೊಬ್ಬರೇ ನಿರ್ಧಾರ ಮಾಡುವಂತಿಲ್ಲ. ಹಾಗಂತ ಸುಮ್ನೆ ಕೂರಬೇಡಿ. ನಿಮ್ಮ ಗಾಡಿ ತಡವಾಗಿದೆ, ಇಷ್ಟು ಜನ ಇಂಥ ಗಾಡಿ ಹಿಡಿಯಬೇಕು ಅಂತ ಟಿಸಿಗೆ ಮೊದಲೇ ಹೇಳಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಒಬ್ಬರು ಹೇಳುವುದಕ್ಕೂ ಹದಿನೈದು ಜನ ಹೇಳುವುದಕ್ಕೂ ವ್ಯತ್ಯಾಸ ಇದೆ.

ದುಡ್ಡಿನ ವಿಷಯದಲ್ಲಿ ಮಾತ್ರ ನಿಮಗೆ ಹಕ್ಕಿದೆ. 2019ರ ಏಪ್ರಿಲ್‌ನಿಂದ ಎರಡು ಟಿಕೆಟ್‌ಗಳ ಪಿಎನ್‌ಆರ್ ಜೋಡಿಸುವ ಸೌಲಭ್ಯ ಬಂದಿದೆ. ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ವಿವರ ಒಂದೇ ಇರಬೇಕು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಎರಡನೇ ಟಿಕೆಟ್‌ನ ಹಣ ಕ್ಯಾನ್ಸಲೇಷನ್ ಚಾರ್ಜ್ ಇಲ್ಲದೆ ವಾಪಸ್ ಬರುತ್ತದೆ. ಕೌಂಟರ್ ಟಿಕೆಟ್ ಆದರೆ ಮೊದಲ ಗಾಡಿ ನಿಜವಾಗಿ ಬಂದು ಮೂರು ತಾಸಿನೊಳಗೆ ಸ್ಟೇಷನ್ನಿನಲ್ಲೇ ಒಪ್ಪಿಸಬೇಕು. ಆನ್‌ಲೈನ್ ಟಿಕೆಟ್ ಆದರೆ ಅಷ್ಟರೊಳಗೆ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ ಹಾಕಬೇಕು. ಎಷ್ಟೋ ಜನ ಮನೆ ಮುಟ್ಟಿ, ಊಟ ಮಾಡಿ, ಮರುದಿನ ನೆನಪಾಗಿ ಹಾಕುತ್ತಾರೆ. ಅಷ್ಟೊತ್ತಿಗೆ ಹಣ ಹೋಗಿರುತ್ತದೆ.

ರಾತ್ರಿ ಹೊತ್ತು ಲೋಂಡಾದಲ್ಲಿ ಇಳಿದರೆ ಏನು ಗತಿ? ಹೆಂಗಸರು, ಮಕ್ಕಳು ಇದ್ದರೆ?

ಸ್ಟೇಷನ್ನಿನಲ್ಲಿ ಹಗಲೂ ರಾತ್ರಿ ಕೆಲಸ ನಡೆಯುತ್ತದೆ. ಗಾಡಿಗಳು ಹಾಯುತ್ತಲೇ ಇರುತ್ತವೆ, ಸ್ಟೇಷನ್ ಮಾಸ್ತರರು ಇದ್ದೇ ಇರುತ್ತಾರೆ. ಊರು ಮಾತ್ರ ಬೇಗ ಮಲಗುತ್ತದೆ. ಹೊರಗೆ ರಿಕ್ಷಾ, ಊಟ, ಲಾಡ್ಜ್ ಅಂತ ನಂಬಿಕೊಂಡು ಇಳಿಯಬೇಡಿ. ಗಾಡಿ ಬದಲಿಸಲು ಬೆಳಗಿನವರೆಗೆ ಕಾಯಬೇಕೆಂದಿದ್ದರೆ ಬೆಳಗಾವಿ, ಧಾರವಾಡ ಅಥವಾ ಹುಬ್ಬಳ್ಳಿಯಲ್ಲಿ ಕಾಯುವುದು ಒಳ್ಳೆಯದು.

ಒಮ್ಮೆ ನಾನು ಜುಲೈ ತಿಂಗಳಲ್ಲಿ ಅವ್ವನ ಜೊತೆ ಅಲ್ಲಿ ಸಿಕ್ಕಿಬಿದ್ದೆ. ನಮ್ಮ ಗಾಡಿ ಎರಡು ತಾಸು ತಡ. ಹಿಡಿಯಬೇಕಾದ ಗಾಡಿ ನಾವು ಇಳಿಯುವ ಹತ್ತು ನಿಮಿಷ ಮೊದಲೇ ಹೋಗಿತ್ತು. ಮಳೆ ಅಡ್ಡ ಹೊಡೆದು ಬೆಂಚುಗಳೆಲ್ಲ ತೊಯ್ದಿದ್ದವು. ಅವ್ವ ಸೀರೆಯ ಸೆರಗಿನಿಂದ ಬೆಂಚು ಒರೆಸಿ ಕೂತಳು, ಕೂತಲ್ಲೇ ಚಳಿಗೆ ನಡುಗಿದಳು. ರಾತ್ರಿ ಪಾಳಿಯ ಪಾಯಿಂಟ್ಸ್‌ಮನ್ ಒಬ್ಬರು ತಮ್ಮ ಥರ್ಮಾಸಿನ ಮುಚ್ಚಳದಲ್ಲಿ ಚಹಾ ಹಾಕಿ ಅವಳ ಕೈಗೆ ಕೊಟ್ಟು, ಏನೂ ಮಾತಾಡದೆ ದೀಪ ಹಿಡಿದು ಹಳಿ ಕಡೆ ಹೋದರು. ಹತ್ತು ನಿಮಿಷ ಗಾಡಿ ತಡೆದಿದ್ದರೆ ಅವ್ವ ಆ ರಾತ್ರಿ ಅತ್ತೆಯ ಮನೆಯ ಒಲೆ ಮುಂದೆ ಇರುತ್ತಿದ್ದಳು. ಆವತ್ತಿನಿಂದ ಬೆಚ್ಚನೆಯ ಚಾದರ, ಟಾರ್ಚು, ಒಂದು ಹೊತ್ತಿನ ಬುತ್ತಿ ಇಲ್ಲದೆ ನಾನು ಆ ಕಡೆ ಹೊರಡುವುದಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ.

ದೂಧಸಾಗರ ನೋಡೋಕೆ ಲೋಂಡಾದಲ್ಲಿ ಇಳೀಬೇಕಾ?

ಬೇಡ. ಲೋಂಡಾದಲ್ಲಿ ಇಳಿದರೆ ಜಲಪಾತ ಇನ್ನೂ ದೂರ. ಗೋವಾ ಕಡೆಯ ಕುಳೆಂ ಸ್ಟೇಷನ್‌ವರೆಗೆ ಹೋಗಿ, ಅಲ್ಲಿಂದ ಅರಣ್ಯ ಇಲಾಖೆ ಬಿಟ್ಟಿರುವ ಕಾಲದಲ್ಲಿ ಜೀಪಿನಲ್ಲಿ ಹೋಗುವುದು ಸರಿಯಾದ ದಾರಿ. ಗೋವಾಕ್ಕೆ ಹೋಗುವ ಗಾಡಿಯಲ್ಲಿ ಹಗಲು ಹೊತ್ತು ಕೂತರೆ ಕಿಟಕಿಯಿಂದಲೇ ಕಾಣುತ್ತದೆ. ಹಾಲಿನ ಹಾಗೆ ಬೀಳುವ ನೀರಿನ ಎದುರಿಗೇ ಸೇತುವೆಯ ಮೇಲೆ ಗಾಡಿ ದಾಟುತ್ತದೆ.

ಕ್ಯಾಸಲ್‌ರಾಕ್‌ನಿಂದ ಹಳಿ ಮೇಲೆ ನಡೆದು ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ದಂಡ ಬೀಳಬಹುದು. 2023ರ ಜುಲೈನಲ್ಲಿ ನೂರಾರು ಹುಡುಗರು ಹಾಗೆ ನುಗ್ಗಿದಾಗ ರೈಲ್ವೆಯವರು ಇದನ್ನೇ ಹೇಳಿ ಎಚ್ಚರಿಸಿದರು. ಕಾಯ್ದೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ಸುರಂಗದೊಳಗೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ, ಜಲಪಾತದ ಸದ್ದಿನಲ್ಲಿ ಗಾಡಿಯ ಸದ್ದು ಕೇಳಿಸುವುದಿಲ್ಲ. ಹಳಿ ಮೇಲೇ ದುಡಿದ ನಮ್ಮ ಮಾವ ಕೂಡ ಸುರಂಗದ ಬಾಯಲ್ಲಿ ನಿಂತು ಕಿವಿಗೊಟ್ಟು ಆಮೇಲೇ ಒಳಗೆ ಕಾಲಿಡುತ್ತಿದ್ದರು.

ದಾಂಡೇಲಿಗೆ ಲೋಂಡಾ ಹತ್ತಿರವಾ, ಅಳ್ನಾವರ ಹತ್ತಿರವಾ?

ದಾಂಡೇಲಿ ಊರಿಗೆ ಅಳ್ನಾವರ ಅಥವಾ ಧಾರವಾಡದಲ್ಲಿ ಇಳಿಯಿರಿ. ಅಳ್ನಾವರದಿಂದ ದಾಂಡೇಲಿ ಕಡೆಗೆ ಒಂದು ಕವಲು ಲೈನೇ ಇದೆ. ಗಣೇಶಗುಡಿ, ಜೋಯಿಡಾ ಕಡೆ ಹೋಗುವವರಿಗೆ ಲೋಂಡಾದಲ್ಲಿ ಇಳಿದು ರಾಮನಗರದ ಮೇಲೆ ಹೋಗುವುದು ಅನುಕೂಲ.

ಲೋಂಡಾದಲ್ಲಿ ತಿನ್ನೋಕೆ ಏನು ಸಿಗುತ್ತೆ?

ಚಹಾ, ವಡಾ ಪಾವ್, ಮಿರ್ಚಿ ಭಜಿ. ಊಟ ಬೇಕೆಂದರೆ ಮೊದಲೇ ಕಟ್ಟಿಸಿಕೊಳ್ಳಿ. ಏಪ್ರಿಲ್–ಮೇನಲ್ಲಿ ಹೋದರೆ ಕಾಡಿನ ಹಣ್ಣು ಹೊತ್ತ ಹೆಂಗಸರು ಸಿಗುತ್ತಾರೆ. ಎಲೆಯ ಪೊಟ್ಟಣದಲ್ಲಿ ಕವಳಿ ಹಣ್ಣು, ನೇರಳೆ. ನಾಲಿಗೆ ಬಣ್ಣ ಊರು ಮುಟ್ಟುವವರೆಗೆ ಹೋಗುವುದಿಲ್ಲ.

## ಹಳೆಯ ಕಥೆ

ಇಂಥ ಕಾಡಿನೊಳಗೆ ರೈಲು ಯಾಕೆ ತಂದರು? ಯಾರು ಕಟ್ಟಿದರು?

ಬಂದರಿಗಾಗಿ ತಂದರು. ಧಾರವಾಡ, ಗದಗ ಕಡೆಯ ಹತ್ತಿ ಸಮುದ್ರ ಮುಟ್ಟಬೇಕಿತ್ತು. ಹತ್ತಿರದ ಒಳ್ಳೆಯ ಬಂದರು ಮಾರ್ಮಗೋವಾ, ಅದು ಪೋರ್ಚುಗೀಸರ ಕೈಯಲ್ಲಿತ್ತು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಅದೇ ಹೊತ್ತಿಗೆ, 1876–78ರ ಭೀಕರ ಬರದಲ್ಲಿ ನಮ್ಮ ಸೀಮೆಯ ಜನ ಕಾಳಿಲ್ಲದೆ ಸತ್ತಿದ್ದರು. ಬೇರೆ ಕಡೆಯಿಂದ ಧಾನ್ಯ ತರಲು ದಾರಿಯೇ ಇರಲಿಲ್ಲ. ರೈಲು ಬೇಕೆಂಬ ಕೂಗಿಗೆ ಅದೂ ಬಲ ಕೊಟ್ಟಿತು.

ನಮ್ಮ ಕಡೆಯ ಲೈನು ಹಾಕಿದ್ದು 1882ರಲ್ಲಿ ಶುರುವಾದ ಸದರ್ನ್ ಮರಾಠಾ ರೈಲ್ವೆ. ಗೋವಾ ಕಡೆಯಿಂದ ಘಾಟ್ ಹತ್ತಿಸಿದ್ದು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ. ಮಾರ್ಮಗೋವಾದಿಂದ ಕ್ಯಾಸಲ್‌ರಾಕ್‌ವರೆಗೆ ಪೂರ್ತಿ ಗಾಡಿ ಓಡಿದ್ದು 1888ರಲ್ಲಿ. ಎರಡೂ ಮೀಟರ್‌ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಗಲ. ಪುಣೆ ಕಡೆಯ ಲೈನೂ ಬಂದು ಸೇರಿದ ಮೇಲೆ ಲೋಂಡಾ ಮೂರು ದಿಕ್ಕಿನ ನಡುಮನೆಯಾಯಿತು.

ಆಮೇಲೆ ಯಜಮಾನರು ಬದಲಾಗುತ್ತಲೇ ಹೋದರು. 1902ರಿಂದ ಗೋವಾದ ಲೈನನ್ನೂ ಸದರ್ನ್ ಮರಾಠಾ ಕಂಪನಿಯೇ ನಡೆಸಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಕೂಡಿತು. 1951ರಲ್ಲಿ ದಕ್ಷಿಣ ರೈಲ್ವೆ, ಆಮೇಲೆ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿಯಲ್ಲೇ ಕೇಂದ್ರ ಇರುವ ನೈಋತ್ಯ ರೈಲ್ವೆ.

ಗೋವಾಕ್ಕೆ ಹೋಗುವಾಗ ರೈಲಿನಲ್ಲೇ ಗಡಿ ತಪಾಸಣೆ ಇತ್ತಂತೆ, ನಿಜವಾ?

ನಿಜ. ಗೋವಾ ಆಗ ಬೇರೆ ದೇಶ. ಲೋಂಡಾದಿಂದ ಹೊರಟ ಗಾಡಿ ಕ್ಯಾಸಲ್‌ರಾಕ್‌ನಲ್ಲಿ ನಿಂತು ನಮ್ಮ ಕಡೆಯ ಕಸ್ಟಮ್ಸ್ ಮುಗಿಸಬೇಕು. ಘಾಟ್ ಇಳಿದ ಮೇಲೆ ಕುಳೆಂನಲ್ಲಿ ಪೋರ್ಚುಗೀಸರ ಕಸ್ಟಮ್ಸ್. ಎರಡೂ ಕಡೆ ಗಂಟು ಬಿಚ್ಚಿ ತೋರಿಸಬೇಕಿತ್ತು. ಗೋವಾ ವಿಮೋಚನೆಯ ಹೋರಾಟ ಜೋರಾದಾಗ, 1955ರಲ್ಲಿ ರೈಲು ಸಂಪರ್ಕವೇ ನಿಂತಿತು. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ ಆದ ಮೇಲೆಯೇ ಮತ್ತೆ ಗಾಡಿ ಓಡಿದ್ದು. ಅಂದರೆ ಆರು ವರ್ಷ ಲೋಂಡಾದ ಒಂದು ಕೈ ಕಟ್ಟಿಹಾಕಿದ ಹಾಗಿತ್ತು. ಗೋವಾದಲ್ಲಿ ನೆಂಟರಿದ್ದ ಈ ಕಡೆಯ ಕುಟುಂಬಗಳಿಗೆ ಆ ವರ್ಷಗಳು ಬಹಳ ಕಠಿಣವಾಗಿದ್ದವು.

ಮೀಟರ್‌ಗೇಜ್ ಕಾಲದಲ್ಲಿ ಡ್ರೈವರ್ ಕೈಗೆ ಬಳೆಯಂಥದ್ದು ಕೊಡುತ್ತಿದ್ದರಲ್ಲ, ಅದು ಏನು?

ಅದು ಟೋಕನ್. ಬೆತ್ತದ ದೊಡ್ಡ ಬಳೆ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಲೋಹದ ಒಂದು ಗುಂಡು. ಗುಂಡಿನ ಮೇಲೆ ಎರಡು ಸ್ಟೇಷನ್‌ಗಳ ಗುರುತು ಕೆತ್ತಿರುತ್ತಿತ್ತು. ಒಂಟಿ ಹಳಿಯಲ್ಲಿ ಎದುರಿನಿಂದ ಇನ್ನೊಂದು ಗಾಡಿ ಬರಬಾರದಲ್ವಾ? ಅದಕ್ಕೆ ಈ ಉಪಾಯ. ಗುಂಡು ಇಟ್ಟ ಯಂತ್ರಗಳು ಎರಡೂ ಸ್ಟೇಷನ್ನಿನಲ್ಲಿ ಇರುತ್ತಿದ್ದವು, ತಂತಿಯಿಂದ ಒಂದಕ್ಕೊಂದು ಜೋಡಿಸಿದ್ದವು. ಆ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಈ ಕಡೆ ಗುಂಡು ಹೊರಬರುತ್ತಿತ್ತು. ಒಂದು ಗುಂಡು ಹೊರಗಿದ್ದರೆ ಇನ್ನೊಂದು ಬರುವಂತಿಲ್ಲ. ಗುಂಡು ಕೈಗೆ ಸಿಗದೆ ಡ್ರೈವರ್ ಗಾಡಿ ಬಿಡುವಂತಿಲ್ಲ.

ನಿಲ್ಲದೆ ಹೋಗುವ ಗಾಡಿಯಾದರೆ ಪಾಯಿಂಟ್ಸ್‌ಮನ್ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದರು. ಇಂಜಿನ್ನಿನಿಂದ ಒಬ್ಬರು ಅರ್ಧ ಮೈ ಹೊರಗೆ ಹಾಕಿ, ಹಿಂದಿನ ಭಾಗದ ಬಳೆಯನ್ನು ಎಸೆದು ಹೊಸದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಎಸೆದ ಬಳೆ ಕಲ್ಲಿನ ಮೇಲೆ ಪುಟಿಯುತ್ತಾ ಹೋಗುವುದನ್ನು ನೋಡಲು ನಾವು ಮಕ್ಕಳು ಓಡುತ್ತಿದ್ದೆವು. 1990ರ ದಶಕದಲ್ಲಿ ಈ ಲೈನುಗಳೆಲ್ಲ ಬ್ರಾಡ್‌ಗೇಜ್ ಆದವು. ಒಂದು ಮೀಟರ್ ಅಗಲವಿದ್ದ ಹಳಿ 1676 ಮಿಲಿಮೀಟರ್ ಆಯಿತು. ಗುಂಡೂ ಬಳೆಯೂ ಮೂಲೆಗೆ ಹೋದವು. ಈಗ ಹಳಿಯ ಮೇಲೆ ವಿದ್ಯುತ್ ತಂತಿಯೂ ಬಂದಿದೆ.

## ಇನ್ನೂ ಒಳಕ್ಕೆ ಹೋಗಿ ಕೇಳುವವರಿಗೆ

ಕೊಂಕಣ ರೈಲ್ವೆ ಬಂದಮೇಲೆ ಲೋಂಡಾ ದಾರಿ ಯಾಕೆ ಬೇಕು?

1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಮುಂಬೈನಿಂದ ಗೋವಾಕ್ಕೆ ಹೋಗುವವರು ಈ ಕಡೆ ಬರುವುದು ಕಡಿಮೆಯಾಯಿತು, ಅದು ಸರಿ. ಆದರೆ ಹುಬ್ಬಳ್ಳಿ, ಗದಗ, ಬಳ್ಳಾರಿಯಿಂದ ಗೋವಾಕ್ಕೆ ರೈಲಿನಲ್ಲಿ ಇಳಿಯಲು ನೇರ ದಾರಿ ಇದೊಂದೇ. ಯಶವಂತಪುರ–ವಾಸ್ಕೋ ಗಾಡಿ, ಹೌರಾ ಕಡೆಯ ಅಮರಾವತಿ ಎಕ್ಸ್‌ಪ್ರೆಸ್ ಬರುವುದು ಇಲ್ಲಿಂದಲೇ. ಪುಣೆಯಿಂದ ಎರ್ನಾಕುಲಂಗೆ ಹೋಗುವ ಪೂರ್ಣಾ ಎಕ್ಸ್‌ಪ್ರೆಸ್ ಕೂಡ ಲೋಂಡಾ ಮುಟ್ಟಿಯೇ ಕರಾವಳಿಗೆ ಇಳಿಯುತ್ತದೆ.

ಇನ್ನೊಂದು ಉಪಯೋಗ ಸಂಕಟದ ಹೊತ್ತಿನಲ್ಲಿ ಗೊತ್ತಾಗುತ್ತದೆ. 2021ರ ಜುಲೈನಲ್ಲಿ ಚಿಪಳೂಣ ಕಡೆ ನೆರೆ ಬಂದು ಕೊಂಕಣ ಲೈನು ನಿಂತಿತು. ಗಾಡಿಗಳನ್ನು ಮಡಗಾಂವ್–ಲೋಂಡಾ–ಮಿರಜ್ ಮೇಲೆ ತಿರುಗಿಸಿದರು. ಹಾಗೆ ತಿರುಗಿಸಿದ ಮಂಗಳೂರು–ಮುಂಬೈ ಗಾಡಿಗೆ ಜುಲೈ 23ರಂದು ದೂಧಸಾಗರ–ಸೋನಾವಳಿ ನಡುವೆ ಗುಡ್ಡ ಕುಸಿದು, ಡಬ್ಬಿಗಳು ಹಳಿ ತಪ್ಪಿದವು. ಘಟ್ಟ ಇಳಿಯುವ ಎರಡು ದಾರಿಗೂ ಒಂದೇ ಮಳೆ. ಆದರೂ ಒಂದು ದಾರಿ ಮುಚ್ಚಿದಾಗ ಇನ್ನೊಂದು ಬೇಕೇ ಬೇಕು.

ಗೂಡ್ಸ್ ಗಾಡಿಗಳು ತಾಸುಗಟ್ಟಲೆ ನಿಂತಿರುತ್ತವಲ್ಲ, ಯಾಕೆ?

ಮುಂದೆ ಘಾಟ್ ಇದೆ, ಅದಕ್ಕೆ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ 26 ಕಿಲೋಮೀಟರ್ ಒಂಟಿ ಹಳಿ. ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ರಸ್ತೆಯಲ್ಲಿ ಇದು ಏನೂ ಅಲ್ಲ. ರೈಲಿಗೆ ಬಹಳ ಕಡಿದು. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ, ಅದೂ ಮಳೆಯಲ್ಲಿ ಜಾರುತ್ತದೆ. ಅದಕ್ಕೆ ಭಾರದ ಗಾಡಿಗೆ ಬ್ಯಾಂಕರ್ ಇಂಜಿನ್ ಹಚ್ಚುತ್ತಾರೆ. ಏರುವಾಗ ಅದು ಹಿಂದಿನಿಂದ ದೂಡುತ್ತದೆ, ಇಳಿಯುವಾಗ ಬ್ರೇಕಿಗೆ ನೆರವಾಗುತ್ತದೆ. ಇಳಿಯುವ ಮೊದಲು ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ಪರೀಕ್ಷೆ ಆಗಲೇಬೇಕು. ಹೀಗಾಗಿ ಘಾಟ್‌ನಲ್ಲಿ ಗಾಡಿಗಳು ಒಂದರ ಹಿಂದೆ ಒಂದು ನಿಧಾನಕ್ಕೆ ಸಾಗುತ್ತವೆ. ತಮ್ಮ ಸರದಿ ಬರುವವರೆಗೆ ಮೇಲಿನ ಸ್ಟೇಷನ್‌ಗಳಲ್ಲಿ ಕಾಯುತ್ತವೆ.

ಮೊದಲು ಹೊಸಪೇಟೆ ಕಡೆಯ ಅದಿರು ಬಂದರಿಗೆ ಇಳಿಯುತ್ತಿತ್ತು. ಈಗ ಹೊರದೇಶದ ಕಲ್ಲಿದ್ದಲು ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹತ್ತುತ್ತದೆ. 2024ರ ಆಗಸ್ಟ್‌ನಲ್ಲಿ ಅಂಥದೇ ಒಂದು ಕಲ್ಲಿದ್ದಲು ಗಾಡಿಯ 17 ವ್ಯಾಗನ್‌ಗಳು ಸೋನಾವಳಿ–ದೂಧಸಾಗರ ನಡುವೆ ಹಳಿ ತಪ್ಪಿ, ಇಡೀ ದಾರಿ ಬಂದ್ ಆಗಿತ್ತು.

ಮಳೆಗಾಲದಲ್ಲಿ ಈ ಘಾಟ್ ಕಾಯುವವರು ಗ್ಯಾಂಗ್‌ಮನ್‌ಗಳು. ನಮ್ಮ ಮಾವ ರಾತ್ರಿ ಪಾಳಿಗೆ ಹೊರಡುವುದು ನನ್ನ ಕಣ್ಣಿಗೆ ಕಟ್ಟಿದೆ. ತಲೆಗೆ ಕಂಬಳಿಯ ಕೊಪ್ಪೆ, ಕೈಯಲ್ಲಿ ದೀಪ, ಹೆಗಲ ಚೀಲದಲ್ಲಿ ಹಳಿಗೆ ಕಟ್ಟುವ ಪಟಾಕಿ. ಗುಡ್ಡ ಜಾರಿದ್ದು ಕಂಡರೆ ಆ ಪಟಾಕಿಯನ್ನು ದೂರದಲ್ಲಿ ಹಳಿಗೆ ಕಟ್ಟಬೇಕು. ಗಾಲಿ ಹತ್ತಿ ಸಿಡಿದ ಕೂಡಲೇ ಡ್ರೈವರ್ ಗಾಡಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಬಂದು ಬಾಗಿಲಲ್ಲಿ ಕೂತು, ಕಾಲಿಗೆ ಹತ್ತಿದ ಇಂಬಳಗಳನ್ನು ಉಪ್ಪು ಹಾಕಿ ಬಿಡಿಸಿಕೊಳ್ಳುತ್ತಿದ್ದರು. ನಾವು ಕಿಟಕಿ ಪಕ್ಕ ಕೂತು ಜಲಪಾತ ನೋಡುವುದು ಇಂಥವರ ನಡಿಗೆಯಿಂದ.

ಜೋಡಿ ಹಳಿ ಹಾಕಿಬಿಟ್ಟರೆ ಎಲ್ಲ ಸರಿ ಹೋಗುತ್ತದಲ್ಲ, ಅದನ್ನು ಯಾಕೆ ನಿಲ್ಲಿಸಿದರು?

ಘಟ್ಟದ ಮೇಲೆ ಜೋಡಿ ಹಳಿಯ ಕೆಲಸ ಬಹಳ ಮುಂದೆ ಹೋಗಿದೆ. ತಕರಾರು ಇರುವುದು ತಿನೈಘಾಟ್‌ನಿಂದ ಕುಳೆಂವರೆಗಿನ ಭಾಗಕ್ಕೆ. ಅಲ್ಲಿ ಹಳಿ ಹಾಯುವುದು ಕರ್ನಾಟಕದ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಮೂಲಕ. ಗೋವಾದ ಜನ ದೊಡ್ಡ ಚಳವಳಿಯನ್ನೇ ಮಾಡಿದರು. 2022ರ ಮೇ ತಿಂಗಳಲ್ಲಿ ಆ ಭಾಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ನನ್ನ ಅಭಿಪ್ರಾಯ ಕೇಳಿದರೆ, ಕೋರ್ಟು ಮಾಡಿದ್ದು ಸರಿ. ಆ ಘಾಟ್‌ನ ಮಣ್ಣು ಹಿಡಿದು ನಿಂತಿರುವುದೇ ಮರದ ಬೇರು. ಇನ್ನೊಂದು ಹಳಿಗೆ ಗುಡ್ಡ ಕಡಿದರೆ ಈಗ ಇರುವ ಹಳಿಗೂ ಕುತ್ತು. ಕಲ್ಲಿದ್ದಲಿಗೆ ಬೇರೆ ಬಂದರುಗಳಿವೆ. ಆ ಕಾಡಿಗೆ ಇನ್ನೊಂದು ಜಾಗ ಇಲ್ಲ.

ವಂದೇ ಭಾರತ್ ಲೋಂಡಾದಲ್ಲಿ ನಿಲ್ಲುವುದಿಲ್ಲ. ನೀವು ಯಾಕೆ ಅದಕ್ಕಾಗಿ ಒತ್ತಾಯ ಮಾಡಬಾರದು?

ಪುಣೆ–ಹುಬ್ಬಳ್ಳಿ, ಬೆಂಗಳೂರು–ಬೆಳಗಾವಿ ವಂದೇ ಭಾರತ್ ಎರಡೂ ಲೋಂಡಾದಲ್ಲಿ ನಿಲ್ಲದೆ ಹಾಯುತ್ತವೆ. ನಿಲ್ಲದಿದ್ದರೆ ನನಗೆ ಬೇಸರವಿಲ್ಲ. ದೂರ ಹೋಗುವವರು ಬೇಗ ಹೋಗಲಿ.

ನನಗೆ ಬೇಕಾದದ್ದು ಬೇರೆ. ಈ ದಾರಿಯಲ್ಲಿ ಗುಂಜಿ, ನಾಗರಗಾಳಿ, ತಾವರಗಟ್ಟಿ, ತಿನೈಘಾಟ್ ಅಂತ ಸಣ್ಣ ಸ್ಟೇಷನ್‌ಗಳಿವೆ. ಅಲ್ಲಿಯವರಿಗೆ ಪ್ಯಾಸೆಂಜರ್ ಗಾಡಿಯೇ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲ. ಕೊರೋನಾ ಕಾಲದ ನಂತರ ಪ್ಯಾಸೆಂಜರ್‌ಗಳಿಗೂ ಎಕ್ಸ್‌ಪ್ರೆಸ್ ದರ ಹಾಕಿದ್ದರು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯಿತು. ಪಕ್ಕದ ಸ್ಟೇಷನ್‌ಗೆ ತರಕಾರಿ ಬುಟ್ಟಿ ಹೊತ್ತು ಹೋಗುವ ಹೆಂಗಸಿಗೆ ಅದು ಸಣ್ಣ ಮೊತ್ತ ಅಲ್ಲ. 2024ರ ಫೆಬ್ರವರಿ ಕೊನೆಗೆ ಮತ್ತೆ 10ಕ್ಕೆ ಇಳಿಯಿತು. ಕೇಳಿದ್ದಕ್ಕೇ ಇಳಿಯಿತು ಅಂತ ನಾನು ನಂಬಿದ್ದೇನೆ.

ಹಾಗೆಯೇ ವೇಳಾಪಟ್ಟಿಯನ್ನೂ ಕೇಳಬೇಕು. ಕ್ಯಾಸಲ್‌ರಾಕ್ ಕಡೆಯಿಂದ ಬಂದ ಪ್ಯಾಸೆಂಜರ್ ಲೋಂಡಾ ಮುಟ್ಟಿದ ಮೇಲೆ ಅರ್ಧ ತಾಸಿನೊಳಗೆ ಧಾರವಾಡಕ್ಕೊಂದು ಗಾಡಿ, ಬೆಳಗಾವಿಗೊಂದು ಗಾಡಿ. ಸಂಜೆ ಅದೇ ರೀತಿ ವಾಪಸ್. ಸಣ್ಣ ಗಾಡಿ ತಡವಾದರೆ ಹತ್ತು ನಿಮಿಷ ಕಾಯಲು ಕಂಟ್ರೋಲ್‌ಗೆ ಬರಹದಲ್ಲಿ ಸೂಚನೆ. ಇಷ್ಟಕ್ಕೆ ಹೊಸ ಹಳಿ ಬೇಡ, ಮರ ಕಡಿಯುವುದೂ ಬೇಡ. ವೇಳಾಪಟ್ಟಿ ಪರಿಷ್ಕರಣೆಗೆ ಮೊದಲೇ ಹುಬ್ಬಳ್ಳಿ ವಿಭಾಗದ ಕಚೇರಿಗೆ ಕಾಗದ ಬರೆಯಿರಿ. ಯಾವ ಊರಿನಿಂದ, ಯಾವ ಕೆಲಸಕ್ಕೆ, ದಿನಾ ಎಷ್ಟು ಜನ ಅಂತ ಸ್ಪಷ್ಟವಾಗಿ ಬರೆಯಿರಿ. ಪಂಚಾಯಿತಿಯ ಠರಾವು ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಾನು ಬರೆಯುವ ಕಾಗದದಲ್ಲಿ ಮೊದಲ ಸಾಲು ಪ್ರತಿ ಸಲ ಒಂದೇ: ಲೋಂಡಾದಲ್ಲಿ ಹತ್ತು ನಿಮಿಷ ಗಾಡಿ ತಡೆಯಿರಿ.